ಗೆಳೆಯರ ಜೊತೆ ಗುಂಪಲ್ಲಿ ಸೈಕಲ್ ರೈಡ್: ಪದೇ ಪದೇ ಕೇಳೋ ಪ್ರಶ್ನೆಗಳು

ರೈಡ್ ಪ್ಲಾನ್ ಮಾಡೋಕೆ ಹೊರಟೋರು ಮಾತಾಡುವಾಗ, ಮೆಸೇಜಲ್ಲಿ, ರೈಡ್ ಮಧ್ಯ ಏದುಸಿರು ಬಿಡ್ತಾ ಕೇಳಿದ ಪ್ರಶ್ನೆಗಳನ್ನ ಅವರು ಕೇಳಿದ ಧಾಟಿಯಲ್ಲೇ ಇಲ್ಲಿ ಸೇರಿಸಿದೀನಿ. ಸುಲಭದ್ದು ಮೊದಲು, ತಲೆನೋವಿಂದು ಆಮೇಲೆ. ಗುಂಪು ರೈಡ್ ಕೆಟ್ಟಿರೋ ಕಥೆ ಯಾವುದನ್ನೇ ಕೇಳಿ, ಹೆಚ್ಚಿನ ಸಲ ಕಾರಣ ಒಂದೇ: ಹೊರಡೋ ಮುಂಚೆ ಹೇಳ್ಬೇಕಾಗಿದ್ದ ಒಂದು ಮಾತನ್ನ ಯಾರೂ ಹೇಳಿರಲ್ಲ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಸೈಕಲ್ಲಿಗಿಂತ ಮಾತುಕತೆ ವಿಷಯಾನೇ ಜಾಸ್ತಿ.

## ಈಗಷ್ಟೇ ಶುರು ಮಾಡೋರಿಗೆ

ನಂಗೆ ಸೈಕಲ್ ಓಡಿಸೋಕೆ ಬರುತ್ತೆ ಅಷ್ಟೇ, ನಾನು ನಾಲ್ಕು ಜನರನ್ನ ಕರ್ಕೊಂಡು ಹೋಗಬಹುದಾ?

ಆರಾಮಾಗಿ. ಲೀಡ್ ಮಾಡೋರು ಎಲ್ಲರಿಗಿಂತ ಫಿಟ್ ಆಗಿರ್ಬೇಕು ಅಂತ ಏನಿಲ್ಲ, ನನ್ನ ಕೇಳಿದ್ರೆ ಇರದಿದ್ರೇನೇ ಒಳ್ಳೇದು, ಯಾಕಂದ್ರೆ ಗುಂಪಲ್ಲಿ ಮಧ್ಯಮ ವೇಗದಲ್ಲಿ ಹೋಗೋರಿಗೆ ಹಿಂದಿನವರ ಕಷ್ಟ ಮೈಮೇಲೆ ಬಂದು ಗೊತ್ತಾಗುತ್ತೆ, ಜೋರಾಗಿ ತುಳಿಯೋರಿಗೆ ಅದು ಕಾಣಿಸೋದೇ ಇಲ್ಲ. ನಿಮ್ಮಿಂದ ಬೇಕಾಗಿರೋದು ಇಷ್ಟು, ಆ ದಾರೀಲಿ ಮೊದಲೇ ಒಂದು ಸಲ ಹೋಗಿ ಬಂದಿರ್ಬೇಕು, ಬರೋ ಎಲ್ಲರ ಫೋನ್ ನಂಬರ್ ಇರ್ಬೇಕು, ಮತ್ತೆ "ಇವತ್ತು ಇಲ್ಲಿಂದಲೇ ವಾಪಸ್" ಅಂತ ಹೇಳೋ ಧೈರ್ಯ ಇರ್ಬೇಕು.

ಎಷ್ಟು ಜನ ಇದ್ರೆ ಸರಿ? ನಮ್ಮಲ್ಲಿ ಹದಿನೈದು ಜನ ಬರ್ತೀವಿ ಅಂತಿದಾರೆ

ನಾಲ್ಕರಿಂದ ಎಂಟು ಜನ ಅಂದ್ರೆ ಚೆಂದ. ಒಬ್ಬರಿಗೊಬ್ಬರು ಕಾಣಿಸ್ತಾರೆ, ನಿಂತಾಗ ಎಲ್ಲರೂ ಒಂದೇ ಮಾತಲ್ಲಿ ಸೇರ್ಕೊಳ್ತಾರೆ, ಒಂದು ಪಂಕ್ಚರ್ ಆದ್ರೆ ಎಲ್ಲರೂ ಕಾಯೋದು ಸಹಜ ಅನ್ಸುತ್ತೆ. ಹತ್ತು ದಾಟಿದ ಮೇಲೆ ಪ್ರತಿ ನಿಲುಗಡೆ ಉದ್ದ ಆಗುತ್ತೆ, ಒಬ್ಬರು ನೀರು ಕುಡಿದು ಮುಗಿಸೋ ಹೊತ್ತಿಗೆ ಇನ್ನೊಬ್ಬರು ಜಾಕೆಟ್ ತೆಗೀತಿರ್ತಾರೆ, ಅವರು ಮುಗಿಸೋ ಹೊತ್ತಿಗೆ ಮೂರನೆಯವರು ಫೋನಲ್ಲಿರ್ತಾರೆ. ಹದಿನೈದು ಜನ ನಿಜವಾಗ್ಲೂ ಬಂದ್ರೆ ಎರಡು ಗುಂಪು ಮಾಡಿ, ಎರಡಕ್ಕೂ ಬೇರೆ ಬೇರೆ ಮುಂದಾಳು, ಬೇರೆ ಬೇರೆ ಕೊನೆಯವರು (ಯಾರೂ ಹಿಂದೆ ಉಳಿಯದ ಹಾಗೆ ಎಲ್ಲರ ಹಿಂದೆ ಬರೋರು), ಹೊರಡೋದ್ರಲ್ಲಿ ಒಂದು ಹತ್ತು ನಿಮಿಷ ಅಂತರ. ಅಂದಹಾಗೆ ಬರ್ತೀವಿ ಅಂದೋರೆಲ್ಲ ಬರಲ್ಲ, ಅದೂ ಗೊತ್ತಿರಲಿ.

ಮೊದಲನೇ ರೈಡ್ ಎಷ್ಟು ದೂರ ಇಡಲಿ, ಎಷ್ಟು ಹೊತ್ತು ಹಿಡಿಯುತ್ತೆ?

ಯಾವಾಗಲೋ ಒಮ್ಮೆ ಸೈಕಲ್ ತುಳಿಯೋರು ಇದ್ರೆ ಒಟ್ಟು 20–25 ಕಿ.ಮೀ., ಹೆಚ್ಚು ಏರಿಲ್ಲದ ದಾರಿ. ಸಾಕು. "ಇನ್ನೂ ಸ್ವಲ್ಪ ಇದ್ದಿದ್ರೆ ಚೆನ್ನಾಗಿತ್ತು" ಅಂತ ಮನೆಗೆ ಹೋದೋರು ಮುಂದಿನ ಸಲನೂ ಬರ್ತಾರೆ, ಕಾಲು ಬಿದ್ದುಹೋಗಿ ಮನೆ ಸೇರಿದೋರು ಬರಲ್ಲ.

ಟೈಮ್ ಲೆಕ್ಕ ಹಿಂಗೆ ಹಾಕಿ. ಮಣ್ಣು, ಜಲ್ಲಿ ಮಿಕ್ಸ್ ಇರೋ ದಾರೀಲಿ ಆರಾಮಾಗಿ ಹೋಗೋ ಗುಂಪು ಗಂಟೆಗೆ 12 ಕಿ.ಮೀ. ಅಂದ್ಕೊಳ್ಳಿ. 30 ಕಿ.ಮೀ.ಗೆ ಎರಡೂವರೆ ಗಂಟೆ ಆಯ್ತು. ಪ್ರತಿ 100 ಮೀಟರ್ ಏರಿಗೆ 10 ನಿಮಿಷ ಸೇರಿಸಿ, 300 ಮೀಟರ್ ಏರಿದ್ರೆ ಅರ್ಧ ಗಂಟೆ. ಫೋಟೋ, ನೀರು, ಸುಮ್ನೆ ಕೂರೋದು ಎಲ್ಲಾ ಸೇರಿ ಮುಕ್ಕಾಲು ಗಂಟೆ. ಒಂದು ಪಂಕ್ಚರ್ ಆಗೇ ಆಗುತ್ತೆ ಅಂತ ಇಟ್ಕೊಂಡು 20 ನಿಮಿಷ. ಹೆಚ್ಚೂ ಕಮ್ಮಿ 4 ಗಂಟೆ. ಮ್ಯಾಪ್ ಆ್ಯಪು ಎರಡು ಗಂಟೆ ಅಂತ ತೋರಿಸಿರುತ್ತೆ, ಅದಕ್ಕೆ ನಿಮ್ಮ ಗುಂಪು ಹೆಂಗೆ ಅಂತ ಏನ್ ಗೊತ್ತು.

ಫೋಟೋದಲ್ಲಿ ಎಲ್ಲಾ ದಾರಿನೂ ಚೆನ್ನಾಗೇ ಕಾಣುತ್ತೆ, ನಿಜಕ್ಕೂ ಚೆನ್ನಾಗಿದೆಯಾ ಅಂತ ಹೆಂಗೆ ತಿಳ್ಕೊಳ್ಳೋದು?

ಫೋಟೋ ತೆಗೆಯೋರು ಚೆನ್ನಾಗಿರೋ ಜಾಗದಲ್ಲಿ ಮಾತ್ರ ನಿಲ್ತಾರೆ, ಅದಕ್ಕೇ. ನೋಡ್ಬೇಕಾಗಿರೋದು ಮೂರು. ಒಂದು, ದಾರಿ ಎಂಥದ್ದು, ಡಾಂಬರಾ, ಗಟ್ಟಿ ಮಣ್ಣಾ, ಸಡಿಲ ಜಲ್ಲಿನಾ, ಮರಳಾ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಉಚಿತ ಆನ್‌ಲೈನ್ ಮ್ಯಾಪಲ್ಲಿ ಎಷ್ಟೋ ದಾರಿಗಳಿಗೆ ಇದನ್ನ ಗುರುತು ಹಾಕಿರ್ತಾರೆ, ಆದ್ರೆ ಎಲ್ಲದಕ್ಕೂ ಇರಲ್ಲ. ಎರಡು, ಏರಿನ ಗ್ರಾಫು. ಒಟ್ಟು ಎಷ್ಟು ಮೀಟರ್ ಏರು ಅನ್ನೋದಕ್ಕಿಂತ ಎಲ್ಲಿ ಏರು ಅನ್ನೋದು ಮುಖ್ಯ, ಕೊನೇ 5 ಕಿ.ಮೀ.ನಲ್ಲಿ ಕಡಿದಾದ ಏರಿದ್ರೆ ಇಡೀ ರೈಡಿನ ನೆನಪೇ ಅದಾಗಿಬಿಡುತ್ತೆ. ಮೂರು, ಮಧ್ಯದಲ್ಲಿ ಕೈಬಿಟ್ಟು ವಾಪಸ್ ಬರೋಕೆ ಅಡ್ಡದಾರಿ ಇದೆಯಾ. ನನ್ನ ಪ್ರಕಾರ ಮೂರನೇದು ಎಲ್ಲಕ್ಕಿಂತ ದೊಡ್ಡದು, ಜನ ನೋಡೋದೇ ಇಲ್ಲ.

ಹಳೇ ರೈಲು ಹಳಿ ತೆಗೆದು ಮಾಡಿರೋ ಸೈಕಲ್ ದಾರಿ ಸಿಕ್ಕಿದ್ರೆ ಕಣ್ಣುಮುಚ್ಕೊಂಡು ಆರಿಸ್ಕೊಳ್ಳಿ. ರೈಲಿಗೆ ಕಡಿದಾದ ಏರು ಹತ್ತೋಕಾಗಲ್ಲ, ಅದಕ್ಕೆ ಅಂಥ ದಾರಿಗಳಲ್ಲಿ ಏರು ಸಾಮಾನ್ಯವಾಗಿ 100 ಮೀಟರಿಗೆ ಒಂದೆರಡು ಮೀಟರ್ ಅಷ್ಟೇ, ಜೊತೆಗೆ ಸೇತುವೆ, ಸುರಂಗ ಎಲ್ಲಾ ಪುಕ್ಕಟೆ.

ಒಬ್ಬೊಬ್ಬರ ಹತ್ರ ಒಂದೊಂದು ಥರ ಸೈಕಲ್ ಇದೆ, ಒಟ್ಟಿಗೆ ಹೋಗೋಕಾಗುತ್ತಾ?

ಆಗುತ್ತೆ, ಆದ್ರೆ ದಾರಿ ಆರಿಸುವಾಗ ಎಲ್ಲರಿಗಿಂತ ಸಣ್ಣ ಟಯರ್ ಯಾರದ್ದು ಅಂತ ನೋಡಿ. 25 ಮಿ.ಮೀ. ಟಯರಿನ ರೋಡ್ ಬೈಕ್ ಸಡಿಲ ಜಲ್ಲಿ ಮೇಲೆ ಒದ್ದಾಡುತ್ತೆ, 40 ಮಿ.ಮೀ. ಇದ್ರೆ ಹೆಚ್ಚಿನ ಮಣ್ಣು ದಾರಿ ಆರಾಮು. ಉಲ್ಟಾ ಕೇಸಲ್ಲಿ, ನುಣ್ಣಗಿನ ಡಾಂಬರಲ್ಲಿ ದಪ್ಪ ಮೌಂಟನ್ ಬೈಕ್ ಟಯರಿನವರು ಎಷ್ಟು ತುಳಿದ್ರೂ ಹಿಂದೆ ಬೀಳ್ತಾರೆ, ಅವರನ್ನ "ಏನ್ ನಿಧಾನ" ಅಂತ ಗೇಲಿ ಮಾಡ್ಬೇಡಿ, ಅದು ಟಯರಿನ ತಪ್ಪು.

ಕರೆಯೋ ಮೆಸೇಜಲ್ಲಿ ಏನೇನ್ ಹಾಕ್ಬೇಕು? ನಾನು "ಭಾನುವಾರ ರೈಡ್, ಯಾರ್ಯಾರ್ ಬರ್ತೀರ" ಅಂತ ಹಾಕ್ತೀನಿ

ಅದಕ್ಕೆ ಇಪ್ಪತ್ತು ಥಂಬ್ಸ್ ಅಪ್ ಬರುತ್ತೆ, ಬೆಳಗ್ಗೆ ಮೂರು ಜನ ಬರ್ತಾರೆ. ಹಿಂಗೆ ಹಾಕಿ ನೋಡಿ:

"ಭಾನುವಾರ ಬೆಳಗ್ಗೆ 6:30ಕ್ಕೆ ಚಕ್ರ ತಿರುಗುತ್ತೆ, 6:15ಕ್ಕೆ ಸೇರೋದು. 28 ಕಿ.ಮೀ., ಅರ್ಧ ಡಾಂಬರು, ಅರ್ಧ ಗಟ್ಟಿ ಮಣ್ಣು, ಒಂದೇ ಒಂದು ಏರು, ಬೇಕಾದ್ರೆ ಇಳಿದು ತಳ್ಳಬಹುದು. ವೇಗ ಮಾತಾಡ್ತಾ ಹೋಗುವಷ್ಟು, ಯಾರನ್ನೂ ಬಿಟ್ಟು ಹೋಗಲ್ಲ. 11 ಗಂಟೆ ಒಳಗೆ ವಾಪಸ್. ನಿಮ್ಮ ಟಯರ್ ಸೈಜಿನ ಟ್ಯೂಬ್, ಹೆಲ್ಮೆಟ್, ಎರಡು ಬಾಟಲ್ ನೀರು ತನ್ನಿ. ಮಳೆ ಬಂದ್ರೆ ಬೆಳಗ್ಗೆ 5:30ಕ್ಕೆ ಇಲ್ಲೇ ಹೇಳ್ತೀನಿ. ಬರೋರು ಶುಕ್ರವಾರ ರಾತ್ರಿ ಒಳಗೆ ಹೆಸರು ಹಾಕಿ."

ಇದರಲ್ಲಿ ಮುಖ್ಯವಾದ ಸಾಲು "ಯಾರನ್ನೂ ಬಿಟ್ಟು ಹೋಗಲ್ಲ" ಅನ್ನೋದು. ನಿಧಾನ ಹೋಗೋರು ಅದನ್ನೇ ಹುಡುಕ್ತಿರ್ತಾರೆ, ಅದಿಲ್ದಿದ್ರೆ ಏನೋ ನೆಪ ಹೇಳಿ ತಪ್ಪಿಸ್ಕೊಳ್ತಾರೆ. ಆದ್ರೆ ಬರೆದ ಮೇಲೆ ಹಂಗೇ ನಡ್ಕೊಳ್ಳಿ ಮತ್ತೆ.

ನಮ್ಮವರು ಟೈಮಿಗೆ ಬರೋದೇ ಇಲ್ವಲ್ಲ?

ಹೇಳಿದ ಟೈಮಿಗೆ ಹೊರಟುಬಿಡಿ. ಲೇಟಾದೋರಿಗೆ ಜಿಪಿಎಕ್ಸ್ ಫೈಲ್ (ಮ್ಯಾಪ್ ಆ್ಯಪಲ್ಲಿ ತೆರೆಯೋ ರೂಟಿನ ಫೈಲ್) ಕಳಿಸಿ, ಮೊದಲನೇ ನಿಲುಗಡೆಯಲ್ಲಿ ಸೇರ್ಕೊಳ್ಳಿ ಅನ್ನಿ. ಒಂದೆರಡು ಸಲ ಹಂಗೆ ಮಾಡಿದ್ರೆ ಸರಿಹೋಗ್ತಾರೆ, ಕಾಯ್ತಾ ಕೂತ್ರೆ ಟೈಮಿಗೆ ಬರೋರೂ ಲೇಟಾಗಿ ಬರೋಕೆ ಶುರು ಮಾಡ್ತಾರೆ.

## ಹೊರಡೋ ದಿನ, ದಾರೀಲಿ

ಹೊರಡೋ ಮುಂಚೆ ಸೈಕಲ್ಲಲ್ಲಿ ಏನೇನ್ ನೋಡ್ಬೇಕು? ನಂಗೆ ಮೆಕ್ಯಾನಿಕ್ ಕೆಲಸ ಬರಲ್ಲ

ಗಾಳಿ, ಬ್ರೇಕು, ಚೈನು. ಎರಡು ನಿಮಿಷದ ಕೆಲಸ. ಟಯರಿನ ಪಕ್ಕದಲ್ಲೇ ಎಷ್ಟರಿಂದ ಎಷ್ಟು ಗಾಳಿ ಹಿಡಿಯುತ್ತೆ ಅಂತ ಬರೆದಿರುತ್ತೆ, ಅದರೊಳಗೆ ಇರಲಿ, ಮಣ್ಣು ದಾರಿಗೆ ಕೆಳಗಿನ ಕಡೆ, ಡಾಂಬರಿಗೆ ಮೇಲಿನ ಕಡೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ ಮುಂದಕ್ಕೆ ತಳ್ಳಿ, ಹಿಂದಿನ ಚಕ್ರ ಮೇಲೇಳ್ಬೇಕು. ಹಿಂದಿನ ಬ್ರೇಕ್ ಹಿಡಿದು ತಳ್ಳಿ, ಚಕ್ರ ತಿರುಗದೆ ಜಾರ್ಬೇಕು. ಬ್ರೇಕ್ ಲಿವರ್ ಹ್ಯಾಂಡಲ್ಲಿಗೆ ತಾಗೋವರೆಗೂ ಬಂದ್ರೆ ಆ ಸೈಕಲ್ ಇಳಿಜಾರಿಗೆ ಬರೋದು ಬೇಡ. ಪೆಡಲ್ ಹಿಂದಕ್ಕೆ ತಿರುಗಿಸಿ, ಚೈನ್ ಕಿರಕಿರ ಅಂದ್ರೆ ಎಣ್ಣೆ ಹಾಕಿ ಮೇಲಿಂದು ಒರೆಸಿಬಿಡಿ. ಕೊನೇಗೆ ಚಕ್ರದ ಕ್ವಿಕ್ ರಿಲೀಸ್ (ಟೂಲ್ ಇಲ್ದೆ ಚಕ್ರ ಬಿಚ್ಚೋ ಲಿವರ್) ಬಿಗಿ ಇದೆಯಾ ನೋಡಿ, ಕಾರಲ್ಲಿ ಹಾಕ್ಕೊಂಡು ಬಂದ ಸೈಕಲ್ಲಲ್ಲಿ ಇದನ್ನ ಮರೆಯೋದು ತುಂಬ ಸಾಮಾನ್ಯ.

ಸೀಟ್ ಎತ್ತರನೂ ಅಲ್ಲೇ ನೋಡಿಬಿಡಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ರೆ ಮಂಡಿ ನೆಟ್ಟಗಾಗ್ಬೇಕು. ಮಂಡಿ ನೋವು ಅನ್ನೋ ಹೊಸಬರಲ್ಲಿ ಎಷ್ಟೋ ಜನರ ಸೀಟ್ ನಾಲ್ಕು ಬೆರಳು ಕೆಳಗಿರುತ್ತೆ.

ಟೂಲ್ಸ್ ಎಲ್ಲರೂ ಹೊತ್ಕೊಂಡು ಬರ್ಬೇಕಾ?

ಬೇಡ. ಟ್ಯೂಬ್ ಮಾತ್ರ ಎಲ್ಲರೂ ತಮ್ಮದು ತಾವೇ ತರ್ಬೇಕು, ಯಾಕಂದ್ರೆ ಸೈಜೂ ಬೇರೆ, ವಾಲ್ವೂ ಬೇರೆ, ಕೆಲವರದ್ದು ಸಣ್ಣ ಪ್ರೆಸ್ಟಾ, ಕೆಲವರದ್ದು ಕಾರಿಗೆ ಇರೋ ಥರದ ದಪ್ಪ ಶ್ರೇಡರ್. ಟಯರ್ ಮೇಲೆ 40-622 ಅಂತಿದ್ರೆ 40 ಅಗಲ, 622 ರಿಮ್ಮಿನ ಅಳತೆ, ಎರಡೂ ಮಿ.ಮೀ. ಲೆಕ್ಕ. 700ಸಿ ಅನ್ನೋದೂ 29 ಇಂಚ್ ಅನ್ನೋದೂ ಅದೇ 622, 27.5 ಅಂದ್ರೆ 584, 26 ಇಂಚಿನ ಮೌಂಟನ್ ಬೈಕ್ ಅಂದ್ರೆ 559. ಈ ನಂಬರ್ ನೋಡಿ ಟ್ಯೂಬ್ ತಗೊಂಡ್ರೆ ಮೋಸ ಹೋಗಲ್ಲ.

ಉಳಿದಿದ್ದು ಗುಂಪಿಗೆ ಒಂದು ಸೆಟ್ ಇದ್ರೆ ಆಯ್ತು, ಅದು ಕೊನೆಯಲ್ಲಿ ಬರೋರ ಹತ್ರ ಇರಲಿ: ಎರಡೂ ವಾಲ್ವಿಗೆ ಹಿಡಿಯೋ ಪಂಪು, ಟಯರ್ ಲಿವರು, ಪ್ಯಾಚ್ ಕಿಟ್ಟು, ಚೈನ್ ಬ್ರೇಕರ್ ಇರೋ ಮಲ್ಟಿಟೂಲು, ತುಂಡಾದ ಚೈನ್ ಜೋಡಿಸೋಕೆ ಒಂದೆರಡು ಕ್ವಿಕ್ ಲಿಂಕು, ಸ್ವಲ್ಪ ಟೇಪು, ಫಸ್ಟ್ ಏಡ್. ಪಂಪ್ ಮುಂದಿರೋರ ಹತ್ರ ಇದ್ದು ಪಂಕ್ಚರ್ ಹಿಂದೆ ಆದ್ರೆ ಅವರು ವಾಪಸ್ ಬರೋವರೆಗೂ ಮರದ ಕೆಳಗೆ ಕೂತಿರ್ಬೇಕಾಗುತ್ತೆ.

ಪಂಕ್ಚರ್ ಆದ್ರೆ ಟ್ಯೂಬ್ ಬದಲಾಯಿಸ್ತೀವಿ, ಐದೇ ನಿಮಿಷಕ್ಕೆ ಮತ್ತೆ ಪಂಕ್ಚರ್, ಯಾಕೆ?

ಮುಳ್ಳು ಇನ್ನೂ ಟಯರಲ್ಲೇ ಇದೆ, ಅದಕ್ಕೆ. ಹಳೇ ಟ್ಯೂಬ್ ತೆಗೆದ ತಕ್ಷಣ ಬಿಸಾಕ್ಬೇಡಿ, ಅದಕ್ಕೆ ಗಾಳಿ ಹೊಡೆದು ಕೆನ್ನೆ ಹತ್ರ ಹಿಡ್ಕೊಂಡು ನಿಧಾನಕ್ಕೆ ತಿರುಗಿಸಿ, ತೂತು ಎಲ್ಲಿದೆ ಅಂತ ಗಾಳಿ ತಾಗಿ ಗೊತ್ತಾಗುತ್ತೆ. ಟ್ಯೂಬಿನ ವಾಲ್ವ್ ಜಾಗಕ್ಕೆ ಸರಿಯಾಗಿ ಟಯರ್ ಮೇಲೆ ಇಟ್ಟು ನೋಡಿದ್ರೆ ಮುಳ್ಳಿರೋ ಜಾಗ ಅಲ್ಲೇ ಸಿಗುತ್ತೆ. ಟಯರ್ ಒಳಗಡೆ ಬೆರಳನ್ನ ಹುಷಾರಾಗಿ ಸವರಿ, ಗಾಜಿನ ಚೂರಿದ್ರೆ ಬೆರಳು ಕುಯ್ಯುತ್ತೆ. ಅಕ್ಕಪಕ್ಕ ಎರಡು ಸೀಳಿದ್ರೆ ಅದು ಮುಳ್ಳಲ್ಲ, ಗಾಳಿ ಕಮ್ಮಿ ಇದ್ದು ಕಲ್ಲಿಗೆ ಹೊಡೆದು ರಿಮ್ಮಿಗೂ ಕಲ್ಲಿಗೂ ಮಧ್ಯ ಟ್ಯೂಬ್ ಸಿಕ್ಕಾಕ್ಕೊಂಡಿದೆ ಅಂತ ಅರ್ಥ, ಈ ಸಲ ಜಾಸ್ತಿ ಗಾಳಿ ಹಾಕಿ.

ಹೊಸ ಟ್ಯೂಬಿಗೆ ದುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ, ಟಯರ್ ಕೂರಿಸೋದನ್ನ ವಾಲ್ವಿನ ಎದುರು ಕಡೆಯಿಂದ ಶುರು ಮಾಡಿ ವಾಲ್ವ್ ಹತ್ರ ಮುಗಿಸಿ, ಕೊನೇಗೆ ವಾಲ್ವನ್ನ ಒಂದ್ಸಲ ಒಳಕ್ಕೆ ಒತ್ತಿ. ಕೊನೇ ಒಂದು ಗೇಣು ಹತ್ತಲ್ಲ ಅಂತ ಲಿವರ್ ಹಾಕಿ ಎಬ್ಬಿಸಿದ್ರೆ ಹೊಸ ಟ್ಯೂಬೂ ಕಚ್ಚಿ ತೂತಾಗುತ್ತೆ, ಬದಲಿಗೆ ಎದುರು ಕಡೆ ಟಯರನ್ನ ರಿಮ್ಮಿನ ನಡುಗುಳಿಗೆ ಒತ್ತುತ್ತಾ ಬಂದ್ರೆ ಇಲ್ಲಿ ಸಡಿಲ ಸಿಗುತ್ತೆ, ಹೆಬ್ಬೆರಳಲ್ಲೇ ಹತ್ತುತ್ತೆ. ಇದನ್ನ ಮನೇಲಿ ಒಂದು ಸಲ ಮಾಡಿ ನೋಡಿದೋರಿಗೆ ದಾರೀಲಿ ಅರ್ಧ ಹೊತ್ತು ಸಾಕು.

ನೀರು, ತಿನ್ನೋದು ಎಷ್ಟು ಇಟ್ಕೊಳ್ಳೋದು?

ಬಿಸಿಲಲ್ಲಿ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಅಂದಾಜು. ಒಂದೂವರೆ ಗಂಟೆ ದಾಟೋ ರೈಡಿಗೆ ಏನಾದ್ರೂ ತಿನ್ನೋಕೆ ಬೇಕೇ ಬೇಕು, ಗಂಟೆಗೆ 30–60 ಗ್ರಾಂ ಕಾರ್ಬೋಹೈಡ್ರೇಟ್ ಸಿಗೋ ಹಾಗೆ, ಅದೂ ಹಸಿವಾಗೋ ಮುಂಚೆನೇ. ಇದ್ದಕ್ಕಿದ್ದಂಗೆ ಒಬ್ಬರು ಮಾತು ನಿಲ್ಲಿಸಿದ್ರು, ಸಿಡಿಮಿಡಿ ಅಂತಿದಾರೆ ಅಂದ್ರೆ ಜಗಳ ಏನಲ್ಲ, ಹೊಟ್ಟೇಲಿ ಏನೂ ಇಲ್ಲ. ಸಿಹಿ ಏನಾದ್ರೂ ಕೊಟ್ಟು ಹತ್ತು ನಿಮಿಷ ಕೂರಿಸಿ.

ತಿರುವು ಬಂದಾಗೆಲ್ಲಾ ಯಾರೋ ಒಬ್ಬರು ತಪ್ಪಿಸ್ಕೊಳ್ತಾರೆ, ಪ್ರತಿ ಸಲ ಎಲ್ಲರೂ ಕಾಯ್ಬೇಕಾ?

ಬೇಕಿಲ್ಲ, ಇದಕ್ಕೊಂದು ಒಳ್ಳೇ ಪದ್ಧತಿ ಇದೆ. ಮುಂದೆ ಒಬ್ಬರು, ಹಿಂದೆ ಒಬ್ಬರು ಫಿಕ್ಸ್. ತಿರುವು ಬಂತು ಅಂದ್ರೆ ಮುಂದಾಳು ತನ್ನ ಹಿಂದಿರೋ ಎರಡನೆಯವರಿಗೆ "ಇಲ್ಲಿ ನಿಂತ್ಕೋ" ಅಂತ ಹೇಳಿ ಮುಂದೆ ಹೋಗ್ತಾರೆ. ಆ ವ್ಯಕ್ತಿ ಎಲ್ಲರಿಗೂ ದಾರಿ ತೋರಿಸ್ತಾ ಅಲ್ಲೇ ನಿಂತಿದ್ದು, ಕೊನೆಯವರು ಕಂಡ ತಕ್ಷಣ ಅವರ ಮುಂದೆ ಸೇರ್ಕೊಳ್ತಾರೆ. ಮುಂದಿನ ತಿರುವಲ್ಲಿ ಆಗ ಎರಡನೆಯವರಾಗಿ ಇರೋರು ನಿಲ್ತಾರೆ. ಹಿಂಗೆ ಸರದಿ ತಿರುಗ್ತಾ ಇರುತ್ತೆ, ಯಾರ ಹತ್ರಾನೂ ಮ್ಯಾಪ್ ಇಲ್ದಿದ್ರೂ ನಡಿಯುತ್ತೆ, ಗುಂಪು ಒಂದು ಕಿ.ಮೀ. ಉದ್ದ ಚಾಚಿದ್ರೂ ಯಾರೂ ಕಳೆದುಹೋಗಲ್ಲ. ಎರಡು ಷರತ್ತು: ನಿಲ್ಲು ಅಂದ ಜಾಗ ಬಿಟ್ಟು ಕದಲಬಾರದು, ಕೊನೆಯವರು ಏನೇ ಆದ್ರೂ ಯಾರನ್ನೂ ಓವರ್‌ಟೇಕ್ ಮಾಡಬಾರದು. ಯಾರಾದ್ರೂ ಪೊದೆ ಹಿಂದೆ ಹೋಗೋದಿದ್ರೆ ಸೈಕಲ್ಲನ್ನ ದಾರಿ ಪಕ್ಕ ಕಾಣೋ ಹಾಗೆ ಬಿಟ್ಟು ಹೋಗ್ಬೇಕು, ಇಲ್ಲಾಂದ್ರೆ ಕೊನೆಯವರು ದಾಟಿ ಹೋಗಿಬಿಡ್ತಾರೆ.

ಒಬ್ಬ ಯಾವಾಗ್ಲೂ ಮುಂದೆ ಹಾರಿ ಹೋಗಿಬಿಡ್ತಾನೆ, ಹೇಳಿದ್ರೆ ಬೇಜಾರು ಮಾಡ್ಕೊಳ್ತಾನೆ

ಅವನಿಗೆ ಕೆಲಸ ಕೊಡಿ. ಕೊನೆಯವನ ಜವಾಬ್ದಾರಿ ಕೊಟ್ರೆ ನಿಧಾನ ಹೋಗಲೇಬೇಕಾಗುತ್ತೆ, ಟೂಲ್ ಬ್ಯಾಗ್ ತೂಕನೂ ಅವನ ಮೇಲೇ. ಅದೂ ಬೇಡ ಅಂದ್ರೆ "ಏರು ಬಂದಾಗ ನಿನ್ನಿಷ್ಟದ ವೇಗ, ಮೇಲೆ ಹತ್ತಿ ವಾಪಸ್ ಇಳಿದು ಕೊನೆಯವರ ಜೊತೆ ಮತ್ತೆ ಹತ್ತು" ಅನ್ನಿ, ಅವನಿಗೂ ಡಬಲ್ ಕಸರತ್ತು, ಹಿಂದಿನವರಿಗೂ ಜೊತೆ.

ನಾನೇ ಎಲ್ಲರಿಗಿಂತ ನಿಧಾನ, ನನ್ನಿಂದ ಎಲ್ಲರಿಗೂ ತೊಂದರೆ ಅನ್ಸುತ್ತೆ, ಬರೋದೇ ಬೇಡ್ವಾ?

ಬನ್ನಿ. ಸಾಧ್ಯ ಆದಷ್ಟೂ ಮುಂದಾಳು ಹಿಂದೆನೇ ಇರಿ, ಕೊನೆಯಲ್ಲಿ ಬೇಡ, ಯಾಕಂದ್ರೆ ಕೊನೆಯಲ್ಲಿರೋರಿಗೆ ಗ್ಯಾಪ್ ತುಂಬಿಸೋಕೆ ಮತ್ತೆ ಮತ್ತೆ ಜೋರಾಗಿ ತುಳೀಬೇಕಾಗುತ್ತೆ. ಆಯೋಜಿಸೋರಿಗೆ ಒಂದು ಮಾತು: ಮುಂದಿನವರು ಹತ್ತು ನಿಮಿಷ ಕೂತು ಸುಧಾರಿಸ್ಕೊಂಡು, ಹಿಂದಿನವರು ಏದುಸಿರು ಬಿಡ್ತಾ ಬಂದ ತಕ್ಷಣ "ಸರಿ ಹೊರಡೋಣ" ಅನ್ನೋದಿದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕೊನೆಯವರು ಬಂದ ಮೇಲೆ ಬ್ರೇಕ್ ಶುರು ಅಂತ ಲೆಕ್ಕ.

ಒಬ್ಬರ ಹಿಂದೆ ಒಬ್ಬರು ಎಷ್ಟು ಹತ್ತಿರ ಹೋಗಬಹುದು?

ಡಾಂಬರಲ್ಲಿ ಜೋರಾಗಿ ಹೋಗೋರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಗಾಳಿ ತಪ್ಪಿಸ್ಕೊಳ್ತಾರೆ, ಅದರಲ್ಲಿ ಶಕ್ತಿ ಉಳಿತಾಯ ಚೆನ್ನಾಗೇ ಇದೆ, ಆದ್ರೆ ಗಂಟೆಗೆ 12–15ರ ವೇಗದಲ್ಲಿ ಅದರ ಲಾಭ ಅಷ್ಟಕ್ಕಷ್ಟೇ. ಮಣ್ಣು ದಾರೀಲಿ ಎರಡು ಮೂರು ಸೈಕಲ್ ಉದ್ದ ಬಿಡಿ, ಇಳಿಜಾರಲ್ಲಿ ಇನ್ನೂ ಜಾಸ್ತಿ. ಗುಂಪಲ್ಲಿ ಬೀಳೋಕೆ ತುಂಬ ಸಾಮಾನ್ಯ ಕಾರಣ ಹಿಂದಿನವರ ಮುಂಚಕ್ರ ಮುಂದಿನವರ ಹಿಂಚಕ್ರದ ಪಕ್ಕಕ್ಕೆ ಬಂದು ತಾಗೋದು. ಮುಂದಿನವರಿಗೆ ಬಹುಶಃ ಏನೂ ಆಗಲ್ಲ, ಹಿಂದಿನವರು ನೆಲ ಕಚ್ತಾರೆ. ಗುಂಡಿ, ಕಲ್ಲು ಕಂಡ್ರೆ ಕೈ ತೋರಿಸಿ, ಬಾಯಲ್ಲೂ ಕೂಗಿ, ಆ ಮಾತು ಹಿಂದಿನವರೆಗೂ ದಾಟಲಿ. ಫೋಟೋಗೆ ಅಂತ ಏಕಾಏಕಿ ಬ್ರೇಕ್ ಹಾಕೋರಿಗೆ ಮೊದಲೇ ಎಚ್ಚರಿಕೆ ಕೊಟ್ಟಿರಿ, ನಿಲ್ಲೋದಾದ್ರೆ ದಾರಿ ಬಿಟ್ಟು ಪಕ್ಕಕ್ಕೆ.

ಕಡಿದಾದ ಇಳಿಜಾರು ಕಂಡ್ರೆ ನಮ್ಮಲ್ಲಿ ಇಬ್ಬರಿಗೆ ಕೈಕಾಲು ನಡುಗುತ್ತೆ

ಇಳಿದು ತಳ್ಳಲಿ, ಅದರಲ್ಲಿ ನಾಚಿಕೆ ಏನಿದೆ. ಓಡಿಸ್ತೀವಿ ಅಂದ್ರೆ, ವೇಗ ಏರೋ ಮುಂಚೆನೇ ಕಡಿಮೆ ಮಾಡ್ಕೊಳ್ಳಿ, ಎರಡೂ ಪೆಡಲ್ ನೆಲಕ್ಕೆ ಸಮ, ಸೀಟಿಂದ ಸ್ವಲ್ಪ ಎದ್ದು ಮೈಭಾರ ಹಿಂದಕ್ಕೆ. ಬ್ರೇಕನ್ನ ಉದ್ದಕ್ಕೂ ಹಿಡಿದೇ ಇರಬೇಡಿ, ಬಿಸಿಯಾಗಿ ಹಿಡಿತ ಕಮ್ಮಿಯಾಗುತ್ತೆ, ಹಿಡಿ ಬಿಡು ಹಿಡಿ ಬಿಡು ಅಂತ ಹೋಗಿ. ನಿಲ್ಲಿಸೋ ಶಕ್ತಿ ಹೆಚ್ಚಿರೋದು ಮುಂದಿನ ಬ್ರೇಕಲ್ಲೇ, ಆದ್ರೆ ಸಡಿಲ ಜಲ್ಲಿ ಮೇಲೆ ಚಕ್ರ ತಿರುಗಿಸ್ತಾ ಅದನ್ನ ಜೋರಾಗಿ ಹಿಡಿದ್ರೆ ಜಾರೋದು ಗ್ಯಾರಂಟಿ. ತಿರುವಿಗೆ ಮುಂಚೆ ಬ್ರೇಕು, ತಿರುವಲ್ಲಿ ಬೇಡ.

ನಡ್ಕೊಂಡು ಬರೋರು, ಕುದುರೆ ಸವಾರರು ಎದುರಾದ್ರೆ ಯಾರು ದಾರಿ ಬಿಡ್ಬೇಕು?

ನೀವು. ಹೆಚ್ಚಿನ ಕಡೆ ಇರೋ ಪದ್ಧತಿ, ಸೈಕಲ್ಲಿನವರು ಎಲ್ಲರಿಗೂ ದಾರಿ ಬಿಡ್ಬೇಕು, ಸೈಕಲ್ಲು ಸೈಕಲ್ಲು ಎದುರಾದ್ರೆ ಇಳಿಯೋರು ಹತ್ತೋರಿಗೆ ಬಿಡ್ಬೇಕು, ದಾರಿ ಶುರುವಲ್ಲಿ ಬೋರ್ಡ್ ಇದ್ರೆ ಅದು ಹೇಳಿದ ಹಾಗೆ. ಹಿಂದಿನಿಂದ ಬರುವಾಗ ದೂರದಲ್ಲೇ ಬೆಲ್ ಮಾಡಿ, "ಇನ್ನೂ ಐದು ಜನ ಇದೀವಿ" ಅಂತ ಹೇಳಿ ಹೋಗಿ, ಇಲ್ಲಾಂದ್ರೆ ಮೊದಲನೆಯವರು ದಾಟಿದ ಮೇಲೆ ಅವರು ದಾರಿ ಮಧ್ಯಕ್ಕೆ ಬಂದುಬಿಡ್ತಾರೆ. ಕುದುರೆ ಹತ್ರ ಬೆಲ್ ಬೇಡ, ಸದ್ದಿಲ್ದೆ ಹತ್ರ ಹೋಗೋದಂತೂ ಬೇಡವೇ ಬೇಡ. ದೂರದಲ್ಲೇ ನಿಂತು ಮಾಮೂಲಿ ದನಿಯಲ್ಲಿ ಮಾತಾಡಿ, ಮನುಷ್ಯರ ದನಿ ಕೇಳಿದ್ರೆ ಅದಕ್ಕೆ ಗಾಬರಿ ಕಮ್ಮಿ. ಸವಾರರು ಬನ್ನಿ ಅಂದ ಮೇಲೆ ದಾಟಿ.

ಎಷ್ಟು ಹೊತ್ತಿಗೆ ವಾಪಸ್ ತಿರುಗ್ಬೇಕು ಅಂತ ಹೆಂಗೆ ಡಿಸೈಡ್ ಮಾಡೋದು?

ದಾರೀಲಿ ಡಿಸೈಡ್ ಮಾಡ್ಬೇಡಿ, ಹೊರಡೋ ಮುಂಚೆನೇ ಒಂದು ಗಡಿಯಾರದ ಟೈಮ್ ಇಟ್ಕೊಳ್ಳಿ. 9 ಗಂಟೆಗೆ ಎಲ್ಲಿರ್ತೀವೋ ಅಲ್ಲಿಂದ ವಾಪಸ್, ಜಲಪಾತ ಇನ್ನು ಎರಡೇ ಕಿ.ಮೀ. ಇದ್ರೂ ಸರಿ. ಸಂಜೆ ರೈಡಾದ್ರೆ ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ಮುಗಿಯೋ ಲೆಕ್ಕ ಹಾಕಿ, ಆದ್ರೂ ಮುಂದೆ ಬಿಳಿ, ಹಿಂದೆ ಕೆಂಪು ಲೈಟ್ ಇರಲಿ. ಗಾಳಿನೂ ಲೆಕ್ಕಕ್ಕೆ ತಗೊಳ್ಳಿ, ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರೋ ಹಾಗೆ ದಿಕ್ಕು ಆರಿಸ್ಕೊಂಡ್ರೆ ಸುಸ್ತಾದ ಮೇಲೆ ಅದೇ ತಳ್ಕೊಂಡು ಬರುತ್ತೆ. ಉಲ್ಟಾ ಆದ್ರೆ ಹೋಗುವಾಗ "ಇವತ್ತು ನಾನೆಷ್ಟು ಫಿಟ್" ಅನ್ಸಿ, ಬರುವಾಗ ಸತ್ಯ ಗೊತ್ತಾಗುತ್ತೆ.

## ಸ್ವಲ್ಪ ಅನುಭವ ಆದೋರಿಗೆ

ಯಾರಾದ್ರೂ ಬಿದ್ದು ತಲೆಗೆ ಏಟಾದ್ರೆ ಮೊದಲು ಏನ್ ಮಾಡ್ಬೇಕು?

ತಕ್ಷಣ ಎತ್ತಿ ನಿಲ್ಲಿಸೋಕೆ ಹೋಗ್ಬೇಡಿ. ಮೊದಲು ಒಬ್ಬರು ದಾರೀಲಿ ಹಿಂದೆ ಹೋಗಿ ಬರೋರನ್ನ ನಿಲ್ಲಿಸಲಿ. ಕುತ್ತಿಗೆ ನೋವು, ಕೈಕಾಲು ಜೋಮು ಅಂದ್ರೆ ಅಲ್ಲಾಡಿಸಲೇಬೇಡಿ, ಉಸಿರಾಟಕ್ಕೆ ತೊಂದರೆ ಇಲ್ದಿದ್ರೆ ಹೆಲ್ಮೆಟ್ ತೆಗೆಯೋದೂ ಬೇಡ, ಎಮರ್ಜೆನ್ಸಿಗೆ ಫೋನ್ ಮಾಡಿ. ಫೋನಿನ ಜಿಪಿಎಸ್ ನೆಟ್‌ವರ್ಕ್ ಇಲ್ದಿದ್ರೂ ಕೆಲಸ ಮಾಡುತ್ತೆ, ಅಕ್ಷಾಂಶ ರೇಖಾಂಶ ನಂಬರ್ ಬರ್ಕೊಂಡು ಇಬ್ಬರು ಸಿಗ್ನಲ್ ಸಿಗೋ ಕಡೆ ಹೋಗಲಿ, ಒಬ್ಬರನ್ನೇ ಕಳಿಸ್ಬೇಡಿ.

ಎದ್ದು ಕೂತು "ಏನಿಲ್ಲ ಏನಿಲ್ಲ" ಅಂದ್ರೂ ನಂಬ್ಬೇಡಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದು, ವಾಂತಿ, ಹೆಚ್ಚಾಗ್ತಾ ಹೋಗೋ ತಲೆನೋವು, ತೂಕಡಿಕೆ, ಬಿದ್ದಿದ್ದೇ ನೆನಪಿಲ್ದೆ ಇರೋದು, ಇದರಲ್ಲಿ ಒಂದಿದ್ರೂ ಅವರ ರೈಡ್ ಅಲ್ಲಿಗೆ ಮುಗೀತು, ಡಾಕ್ಟರ್ ಹತ್ರ. ಏಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡ್ರೂ ಒಳಗಿನ ಫೋಮ್ ಅಮುಕಿ ಹೋಗಿರುತ್ತೆ, ಅದು ಒಂದೇ ಏಟಿಗೆ ಅಂತ ಮಾಡಿರೋದು, ಬದಲಾಯಿಸಿ.

ಹಿಂದಿನ ರಾತ್ರಿ ಮಳೆ ಬಂದಿದೆ, ಬೆಳಗ್ಗೆ ನಿಂತಿದೆ, ಹೋಗೋಣ್ವಾ?

ಡಾಂಬರು, ಜಲ್ಲಿ ದಾರಿ ಆದ್ರೆ ಹೋಗಿ. ಮೆತ್ತನೆ ಮಣ್ಣಿನ ದಾರಿ ಆದ್ರೆ ಬೇಡ, ಟಯರ್ ಗುರುತು ಆಳಕ್ಕೆ ಬಿದ್ದು, ಒಣಗಿದ ಮೇಲೆ ಗಟ್ಟಿಯಾಗಿ, ನೀರು ಅದರಲ್ಲೇ ಹರಿದು ದಾರಿ ಹಾಳಾಗುತ್ತೆ. ಮಧ್ಯ ಕೆಸರು ಸಿಕ್ಕಿದ್ರೆ ಸುತ್ತು ಹಾಕಿ ದಾರಿ ಅಗಲ ಮಾಡೋ ಬದಲು ಇಳಿದು ದಾರಿ ಮೇಲೇ ತಳ್ಕೊಂಡು ದಾಟಿ.

ಗುಂಪಲ್ಲಿ ಒಬ್ಬರದ್ದು ಇ-ಬೈಕ್ (ಮೋಟರ್ ಸಹಾಯ ಇರೋ ಸೈಕಲ್), ಸಮಸ್ಯೆ ಆಗುತ್ತಾ?

ಮೂರು ಸಂಗತಿ ನೋಡ್ಕೊಳ್ಳಿ. ಆ ದಾರೀಲಿ ಇ-ಬೈಕ್ ಬಿಡ್ತಾರಾ, ಕೆಲವು ಕಡೆ ಬಿಡಲ್ಲ. ಬ್ಯಾಟರಿ ಎಷ್ಟು ದೂರ ಬರುತ್ತೆ, ಕಂಪನಿ ಹೇಳಿದ ದೂರ ಸಪಾಟು ದಾರೀಲಿ, ಮೋಟರ್ ಸಹಾಯ ಕಡಿಮೆ ಇಟ್ಟಾಗ ಅಂತ ಅರ್ಥ ಮಾಡ್ಕೊಳ್ಳಿ, ಏರಲ್ಲಿ ಅಷ್ಟು ಬರಲ್ಲ. ಮತ್ತೆ ತೂಕ, 20 ಕೆ.ಜಿ. ದಾಟೋದು ಸಾಮಾನ್ಯ, ಗೇಟ್ ದಾಟಿಸೋಕೆ, ಮೆಟ್ಟಿಲು ಹತ್ತಿಸೋಕೆ ಇಬ್ಬರು ಬೇಕು. ಇದೆಲ್ಲ ಸರಿ ಇದ್ರೆ ಇ-ಬೈಕ್ ವರದಾನ, ವಯಸ್ಸಾದ ಅಪ್ಪ ಅಮ್ಮನೂ ಮಕ್ಕಳ ಜೊತೆ ಒಂದೇ ವೇಗದಲ್ಲಿ ಬರಬಹುದು.

ಮಕ್ಕಳನ್ನ ಕರ್ಕೊಂಡು ಬರ್ತೀವಿ ಅಂತಾರೆ, ಹ್ಞೂಂ ಅನ್ಲಾ?

ಅವತ್ತಿನ ರೈಡ್ ಮಕ್ಕಳ ರೈಡ್ ಅಂತ ಎಲ್ಲರಿಗೂ ಮೊದಲೇ ಗೊತ್ತಿದ್ರೆ ಹ್ಞೂಂ. ಗಾಡಿ ಓಡಾಡದ ದಾರಿ, ಅರ್ಧ ದೂರ, ಡಬಲ್ ನಿಲುಗಡೆ. ಸಣ್ಣ ಚಕ್ರದಲ್ಲಿ ಅವರು ನಿಮಗಿಂತ ಎಷ್ಟೋ ಜಾಸ್ತಿ ತುಳೀತಿರ್ತಾರೆ. ಇಬ್ಬರು ದೊಡ್ಡವರ ಮಧ್ಯ ಮಗು, ಅಷ್ಟೇ ರೂಲು.

ಜೋರಾಗಿ ಹೋಗೋರೂ ನಿಧಾನ ಹೋಗೋರೂ ಇಬ್ಬರಿಗೂ ಖುಷಿ ಆಗೋ ರೂಟ್ ಮಾಡೋಕಾಗುತ್ತಾ?

ಆಗುತ್ತೆ, ದಾರಿಯ ಆಕಾರದಲ್ಲಿದೆ ಗುಟ್ಟು. ಒಂದು ಉದ್ದನೆ ಸುತ್ತು ಹಾಕೋ ಬದಲು ಎಂಟರ ಆಕಾರದಲ್ಲಿ ಎರಡು ಸಣ್ಣ ಸುತ್ತು ಹಾಕಿ, ನಡುವೆ ಸೇರೋ ಜಾಗದಲ್ಲೇ ವಾಹನ ನಿಲ್ಸಿ. ಮೊದಲ ಸುತ್ತು ಎಲ್ಲರೂ ಒಟ್ಟಿಗೆ, ಆಮೇಲೆ ಸಾಕು ಅನ್ನೋರು ಮರ್ಯಾದೆಯಾಗಿ ಅಲ್ಲೇ ಮುಗಿಸ್ತಾರೆ, ಇನ್ನೂ ಬೇಕು ಅನ್ನೋರು ಎರಡನೇ ಸುತ್ತು ಹೋಗ್ತಾರೆ. ಅರ್ಧಕ್ಕೆ ಬಿಟ್ಟೆ ಅನ್ನೋ ಬೇಜಾರು ಯಾರಿಗೂ ಇರಲ್ಲ. ಇನ್ನೊಂದು ಉಪಾಯ, ನಿಧಾನ ಹೋಗೋರು ಅರ್ಧ ಗಂಟೆ ಮುಂಚೆ ಹೊರಡ್ತಾರೆ, ಜೋರಿನವರು ಹಿಂದಿನಿಂದ ಬಂದು ನೋಡೋ ಜಾಗದಲ್ಲಿ ಸೇರ್ಕೊಳ್ತಾರೆ. ಈ ಲೆಕ್ಕ ಸರಿ ಹೊಂದಿದ ದಿನ ಎರಡೂ ಗುಂಪು ಹತ್ತು ನಿಮಿಷದ ಅಂತರದಲ್ಲಿ ಅಲ್ಲಿರುತ್ತೆ.

ಎರಡ್ಮೂರು ದಿನದ ರೈಡ್ ಮಾಡೋಣ ಅಂತಿದೀವಿ, ಒಂದಿನದ್ದಕ್ಕೂ ಇದಕ್ಕೂ ಏನ್ ವ್ಯತ್ಯಾಸ?

ದಿನದ ದೂರ ಕಮ್ಮಿ ಇಡಿ, ಒಂದೇ ದಿನದಲ್ಲಿ ನಿಮ್ಮ ಗುಂಪು ಆರಾಮಾಗಿ ಮಾಡೋದರ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಎರಡನೇ ದಿನ ಬೆಳಗ್ಗೆ ಸೀಟ್ ಮೇಲೆ ಕೂರೋದೇ ಕಷ್ಟ. ಪ್ಯಾಡ್ ಇರೋ ಶಾರ್ಟ್ಸ್ ಒಳಗೆ ಬೇರೆ ಒಳಉಡುಪು ಹಾಕ್ಬಾರದು, ಹೊಲಿಗೆ ಉಜ್ಜಿ ಗಾಯ ಮಾಡುತ್ತೆ, ಇದನ್ನ ಹೊಸಬರಿಗೆ ಯಾರೂ ಹೇಳಲ್ಲ ನೋಡಿ. ಲಗೇಜ್ ಬೆನ್ನ ಮೇಲೆ ಬೇಡ, ಕ್ಯಾರಿಯರ್ ಬ್ಯಾಗಲ್ಲಿ, ಭಾರದ್ದು ಕೆಳಗೆ. ಲಗೇಜ್ ಹಾಕ್ಕೊಂಡು ಒಂದು ದಿನ ಓಡಿಸಿ ನೋಡದೆ ಹೊರಡ್ಬೇಡಿ, ಸೈಕಲ್ ತಿರುಗೋ ರೀತಿನೇ ಬೇರೆ ಆಗುತ್ತೆ.

ಮೊದಲ ಸಲಕ್ಕೆ ಗುರುತು ಹಾಕಿರೋ, ಮಧ್ಯ ಮಧ್ಯ ಊರು ಸಿಗೋ ದಾರಿನೇ ಒಳ್ಳೇದು. ಜಗತ್ತಲ್ಲಿ ಜನ ಹುಡುಕ್ಕೊಂಡು ಹೋಗೋ ದಾರಿಗಳನ್ನ ನೋಡಿದ್ರೆ ಕಾರಣ ಗೊತ್ತಾಗುತ್ತೆ. ಡ್ಯಾನ್ಯೂಬ್ ನದಿ ಪಕ್ಕ ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗಿನ ದಾರಿ 300 ಕಿ.ಮೀ. ದಾಟುತ್ತೆ, ಆದ್ರೆ ನದಿ ಹರಿಯೋ ದಿಕ್ಕಲ್ಲೇ ಹೋಗೋದ್ರಿಂದ ಏರೇ ಕಮ್ಮಿ. ನ್ಯೂಜಿಲೆಂಡಿನ ಒಟಾಗೊ ಸೆಂಟ್ರಲ್ ರೈಲ್ ಟ್ರೈಲ್ 152 ಕಿ.ಮೀ., ಹಳೇ ರೈಲು ದಾರಿ. ಜಪಾನಿನ ಶಿಮನಾಮಿ ಕೈಡೋ ಸುಮಾರು 70 ಕಿ.ಮೀ., ದ್ವೀಪದಿಂದ ದ್ವೀಪಕ್ಕೆ ಸೇತುವೆ ಮೇಲೆ, ದಾರಿ ತಪ್ಪದ ಹಾಗೆ ರಸ್ತೆ ಅಂಚಿಗೆ ನೀಲಿ ಗೆರೆ ಎಳೆದಿದಾರೆ. ಮೂರರಲ್ಲೂ ಮ್ಯಾಪ್ ನೋಡೋ ಕೆಲಸ ಕಮ್ಮಿ, ಸುತ್ತ ನೋಡೋಕೆ ಪುರುಸೊತ್ತು ಜಾಸ್ತಿ.

ಅನುಮತಿ ಗಿನುಮತಿ ಬೇಕಾ?

ನಾಲ್ಕು ಜನ ಸಾರ್ವಜನಿಕ ದಾರೀಲಿ ಹೋಗೋಕೆ ಸಾಮಾನ್ಯವಾಗಿ ಬೇಡ. ರಕ್ಷಿತ ಅರಣ್ಯ, ಖಾಸಗಿ ಜಮೀನು, ಅಣೆಕಟ್ಟಿನ ಜಾಗ ಅಂದ್ರೆ ಮೊದಲೇ ವಿಚಾರಿಸಿ, ದೊಡ್ಡ ಗುಂಪಾದ್ರೆ ಅಥವಾ ದುಡ್ಡು ತಗೊಂಡು ಕರ್ಕೊಂಡು ಹೋಗೋದಾದ್ರೆ ನಿಯಮಗಳೇ ಬೇರೆ.

ಪ್ರತಿ ಸಲ ನಾನೇ ಎಲ್ಲಾ ಮಾಡಿ ಸಾಕಾಗಿದೆ, ಬಿಟ್ರೆ ರೈಡೇ ನಿಂತುಹೋಗುತ್ತೆ

ರೈಡ್ ಮುಗಿದು ಎಲ್ಲರೂ ಇನ್ನೂ ಅಲ್ಲೇ ನಿಂತಿರುವಾಗ, ಮನೆಗೆ ಹೋದ ಮೇಲೆ ಗ್ರೂಪಲ್ಲಿ ಅಲ್ಲ, ಅಲ್ಲೇ ಎದುರಿಗೇ ಮುಂದಿನ ತಿಂಗಳ ರೂಟ್ ಯಾರು ಹುಡುಕ್ತೀರ ಅಂತ ಕೇಳಿ, ಹೆಸರು ಹಿಡಿದು. ಎಲ್ಲಾ ಕೆಲಸ ಒಬ್ಬರಿಗೇ ವಹಿಸ್ಬೇಡಿ, ರೂಟ್ ಒಬ್ಬರು, ಮೆಸೇಜ್ ಒಬ್ಬರು, ಟೂಲ್ ಬ್ಯಾಗ್ ಒಬ್ಬರು, ಖರ್ಚಿನ ಲೆಕ್ಕ ಒಬ್ಬರು. ಅವರು ಹುಡುಕಿದ ರೂಟ್ ನಿಮಗೆ ಅಷ್ಟಾಗಿ ಇಷ್ಟ ಆಗ್ದಿದ್ರೂ ಬಾಯಿ ಮುಚ್ಕೊಂಡು ಹೋಗಿ, "ನಾನಾಗಿದ್ರೆ ಆ ಕಡೆಯಿಂದ ಹೋಗ್ತಿದ್ದೆ" ಅಂದ ಕೂಡ್ಲೇ ಕೆಲಸ ಮತ್ತೆ ನಿಮ್ಮ ತಲೆಗೇ ಬರುತ್ತೆ. ಟೂಲ್ ಬ್ಯಾಗನ್ನ ಅವತ್ತೇ ಮುಂದಿನವರ ಕೈಗೆ ಕೊಟ್ಟು ಕಳಿಸಿ, ಒಳಗೆ ಖಾಲಿಯಾದ ಪ್ಯಾಚು, ಅಂಟು ಏನೇನು ಅಂತ ಒಂದು ಚೀಟಿ ಬರೆದಿಟ್ಟು.